ಅಕ್ಕಾ, ಇವತ್ತು ಯಾರಿಂದ ಹೋಯ್ತು?

ಹೋದ ತಿಂಗಳ ಒಂದು ಶನಿವಾರ ಊರಿಂದ ಅಪ್ಪನ ಫೋನ್ ಬಂತು. ಅಪ್ಪ ತಾವಾಗಿ ಫೋನ್ ಮಾಡುವುದು ಅಪರೂಪ. ಮಾಡಿದರೂ ‘ಊಟ ಆಯ್ತಾ, ಖರ್ಚಿಗೆ ದುಡ್ಡಿದೆಯಾ’ ಎಂದು ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತಾರೆ. ಅವತ್ತು ಹಾಗಾಗಲಿಲ್ಲ.

‘ನಿನ್ನ ತಮ್ಮ ಡೇರಿ ಬಟವಾಡೆ ದುಡ್ಡನ್ನ ಗೇಮಿಗೆ ಹಾಕವ್ನೆ. ಸಾವಿರದ ಮುನ್ನೂರ ಐವತ್ತನಾಲ್ಕು ರೂಪಾಯಿ. ಆ ಆಟ ಕಲಿಸಿದ್ದು ನೀನಂತೆ. ಈಗ ನೀನೇ ಹೇಳಮ್ಮ, ಫೋನು ಅವನ ಕೈಗೆ ಕೊಡೋದೋ ಬ್ಯಾಡವೋ?’

ನಾನು ತುಮಕೂರಿನ ಹಾಸ್ಟೆಲ್‌ನಲ್ಲಿದ್ದೇನೆ. ತಮ್ಮ ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಎಸ್‌ಎಸ್‌ಎಲ್‌ಸಿ. ಮನೆಯಲ್ಲಿ ಎರಡು ಸೀಮೆಹಸು. ಹಾಲಿನ ದುಡ್ಡು ಅಮ್ಮನ ಖಾತೆಗೆ ಬೀಳುತ್ತದೆ, ಖಾತೆ ಅಮ್ಮನ ಫೋನಿನಲ್ಲಿದೆ, ಅಮ್ಮನ ಯುಪಿಐ ಪಿನ್ ಅಮ್ಮನಿಗಿಂತ ಚೆನ್ನಾಗಿ ತಮ್ಮನಿಗೆ ಗೊತ್ತು. ಕರೆಂಟ್ ಬಿಲ್ಲು, ರೀಚಾರ್ಜು, ಹಿಂಡಿ ಅಂಗಡಿ ಬಾಕಿ ಎಲ್ಲ ಕಟ್ಟುವವನು ಅವನೇ. ಹಾಗಾಗಿ ಬೀಗ ಒಡೆದು ಕದ್ದ ಎನ್ನುವಂತಿಲ್ಲ. ಬೀಗದ ಕೈ ಅವನ ಹತ್ತಿರವೇ ಇತ್ತು.

ಅಪ್ಪನಿಗೆ ‘ಒಂದು ವಾರ ಟೈಮ್ ಕೊಡಿ, ಹೇಳ್ತೀನಿ’ ಎಂದೆ. ಆ ಒಂದು ವಾರ ನಾನು ಮಾಡಿದ್ದು ಇಷ್ಟೇ: ಈ ಆಟ ಆಡುವವರು, ಆಡಿ ಬಿಟ್ಟವರು ಯಾರೆಲ್ಲ ನನಗೆ ಗೊತ್ತೋ ಅವರನ್ನೆಲ್ಲ ‘ಇದು ಒಳ್ಳೆಯದೋ ಕೆಟ್ಟದ್ದೋ, ನಿಮಗೇನನಿಸುತ್ತೆ’ ಎಂದು ಕೇಳಿದೆ.

ಎರಡು ಸೇರಿ ಒಂದು

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ನಾವು ಆಡುವುದರ ಹೆಸರು ಬರೆಯುವುದಿಲ್ಲ. ಬರೆದರೆ ಜಾಹೀರಾತೂ ಆದೀತು, ದೂರೂ ಆದೀತು. ಅದೊಂದೇ ಅಲ್ಲ, ಅದರ ಜಾತಿಯೇ ದೊಡ್ಡದು.

ನಮ್ಮ ವಯಸ್ಸಿನವರಲ್ಲಿ 2048 ಎಂಬ ಆಟ ಆಡದವರು ಕಡಿಮೆ. ಎರಡು ಎರಡು ಸೇರಿ ನಾಲ್ಕು, ನಾಲ್ಕು ನಾಲ್ಕು ಸೇರಿ ಎಂಟು. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ ಎಂಬ 19 ವರ್ಷದ ಹುಡುಗ 2014ರ ಮಾರ್ಚ್‌ನಲ್ಲಿ ಅದನ್ನು ಮಾಡಿ ಪುಕ್ಕಟೆ ಬಿಟ್ಟುಕೊಟ್ಟ. ಈ ‘ಒಂದೇ ತರದ ಎರಡು ಸೇರಿದರೆ ಅದಕ್ಕಿಂತ ದೊಡ್ಡದು ಒಂದು’ ಎಂಬ ಸೂತ್ರಕ್ಕೆ ಯುದ್ಧವನ್ನು ಸೇರಿಸಿದರೆ ನಮ್ಮ ಆಟ. 2019ರ ಜನವರಿಯಲ್ಲಿ ಚೀನಾದ ಡ್ರೋಡೋ ಸ್ಟುಡಿಯೊ ಮಾಡಿದ ಆಟೊ ಚೆಸ್‌ನಲ್ಲಿ ಒಂದೇ ತರದ ಮೂರು ಕಾಯಿ ಸೇರಿ ಒಂದು ಬಲವಾದ ಕಾಯಿ ಆಗುತ್ತಿತ್ತು. ಅದೇ ವರ್ಷ ಕೊರಿಯಾದಿಂದ ರ‍್ಯಾಂಡಮ್ ಡೈಸ್ ಬಂತು. ಅದರಲ್ಲಿ ಸೈನಿಕರ ಬದಲು ದಾಳಗಳು. 2020ರಲ್ಲಿ ರಶ್ ರಾಯಲ್. 2025ರಲ್ಲಿ ಕ್ಲ್ಯಾಶ್ ರಾಯಲ್‌ನವರೂ ‘ಮರ್ಜ್ ಟ್ಯಾಕ್ಟಿಕ್ಸ್’ ಎಂದು ತಮ್ಮ ಆಟದೊಳಗೇ ಇಂಥದ್ದೊಂದನ್ನು ಇಟ್ಟರು.

ನಾವು ಆಡುವುದರಲ್ಲಿ ಹದಿನೈದು ಮನೆಗಳ ಒಂದು ಪುಟ್ಟ ಅಂಗಳ. ನಾವು ಮೊದಲೇ ಆರಿಸಿಟ್ಟ ಐದು ತರದ ಸೈನಿಕರು. ಬಟನ್ ಒತ್ತಿದರೆ ಐವರಲ್ಲಿ ಯಾರಾದರೊಬ್ಬ ಯಾವುದಾದರೊಂದು ಮನೆಗೆ ಬಂದು ನಿಲ್ಲುತ್ತಾನೆ. ಮೊದಲನೆಯವನಿಗೆ ಹತ್ತು ನಾಣ್ಯ, ಎರಡನೆಯವನಿಗೆ ಇಪ್ಪತ್ತು, ಮೂರನೆಯವನಿಗೆ ಮೂವತ್ತು. ಹೀಗೆ ಏರುತ್ತಲೇ ಹೋಗುತ್ತದೆ. ಒಂದೇ ತರದ, ಒಂದೇ ಮಟ್ಟದ ಇಬ್ಬರನ್ನು ಒಬ್ಬರ ಮೇಲೊಬ್ಬರನ್ನು ಎಳೆದು ಹಾಕಿದರೆ ಒಂದು ಮಟ್ಟ ಮೇಲಿನ ಒಬ್ಬ ಹುಟ್ಟುತ್ತಾನೆ. ಆದರೆ ಹುಟ್ಟುವವನು ಅದೇ ತರದವನಾಗಿರಬೇಕೆಂದಿಲ್ಲ, ಐವರಲ್ಲಿ ಯಾರೂ ಆಗಬಹುದು. ಇಬ್ಬರು ಬಿಲ್ಲುಗಾರರನ್ನು ಸೇರಿಸಿದರೆ ಕೆಲಸಕ್ಕೆ ಬಾರದ ಒಬ್ಬ ಮಂತ್ರವಾದಿ ಬಂದು ನಿಲ್ಲಬಹುದು.

ಇಲ್ಲೇ ಆಟದ ರುಚಿ ಇರುವುದು. ಸೇರಿಸಿದರೆ ಬಲ ಬರುತ್ತದೆ, ಆದರೆ ಇಬ್ಬರಿದ್ದ ಕಡೆ ಒಬ್ಬನಾಗುತ್ತಾನೆ. ಸೇರಿಸದಿದ್ದರೆ ಅಂಗಳ ತುಂಬಿಹೋಗಿ ಹೊಸಬರಿಗೆ ಜಾಗವೇ ಇರುವುದಿಲ್ಲ. ಯಾವಾಗ ಸೇರಿಸಬೇಕು, ಯಾವಾಗ ತಾಳಬೇಕು ಎಂಬುದನ್ನು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸಬೇಕು. ಏಳನೇ ಮಟ್ಟದ ಒಬ್ಬನನ್ನು ಕಟ್ಟಲು ಮೊದಲ ಮಟ್ಟದ 64 ಮಂದಿ ಬೇಕು. ಒಮ್ಮೆ ಲೆಕ್ಕ ಹಾಕಿ ನೋಡಿ, ಒಂದರಿಂದ ಶುರು ಮಾಡಿ ಆರು ಸಲ ದುಪ್ಪಟ್ಟು.

ಇದರಲ್ಲಿ ಎದುರಾಳಿಯ ಮೇಲೆ ಯುದ್ಧ ಮಾಡಬಹುದು, ಇಲ್ಲವೇ ಇಬ್ಬರು ಜೊತೆಯಾಗಿ ನುಗ್ಗಿ ಬರುವ ರಾಕ್ಷಸರನ್ನು ತಡೆಯಬಹುದು. ನಾನು, ತಮ್ಮ ಆಡುತ್ತಿದ್ದದ್ದು ಎರಡನೆಯದು. ನಾನು ಹಾಸ್ಟೆಲ್‌ಗೆ ಬಂದ ಮೇಲೆ ದಿನಾ ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ. ಇಬ್ಬರ ಅಂಗಳ ಬೇರೆ ಬೇರೆ, ಪ್ರಾಣ ಮಾತ್ರ ಒಂದೇ. ಒಬ್ಬರ ಕಡೆ ತಪ್ಪಿದರೂ ಇಬ್ಬರೂ ಔಟ್.

‘ನಾನು ಒಂದು ರೂಪಾಯಿ ಕೊಟ್ಟಿಲ್ಲ’

ಮೊದಲು ಕೇಳಿದ್ದು ರೂಮ್‌ಮೇಟನ್ನು. ಎರಡು ವರ್ಷದಿಂದ ಆಡುತ್ತಿದ್ದಾಳೆ. ಒಂದು ಪೈಸೆ ಖರ್ಚು ಮಾಡಿಲ್ಲ ಎಂಬುದು ಅವಳ ದೊಡ್ಡ ಹೆಮ್ಮೆ.

‘ದುಡ್ಡು ಕೊಡು ಅಂತ ಆಟ ಯಾರ ಕತ್ತಿನ ಪಟ್ಟಿ ಹಿಡ್ಕೊಂಡಿದೆ? ತಾಳ್ಮೆ ಇರೋರು ಪುಕ್ಕಟೆ ಆಡ್ತಾರೆ, ತಾಳ್ಮೆ ಇಲ್ದೋರು ದುಡ್ಡು ಕೊಡ್ತಾರೆ. ಅಷ್ಟೇ ಕಣೇ’ ಎಂದಳು.

ಅವಳು ಪೆಟ್ಟಿಗೆ ತೆರೆಯುವುದು ಜಾಹೀರಾತು ನೋಡಿ. ಒಂದು ಜಾಹೀರಾತು ಮೂವತ್ತು ಸೆಕೆಂಡು. ದಿನಕ್ಕೆ ಹತ್ತು ನೋಡುತ್ತಾಳೆ. ಸುಮ್ಮನೆ ಕೂತು ಲೆಕ್ಕ ಹಾಕಿದೆವು. ದಿನಕ್ಕೆ ಐದು ನಿಮಿಷ, ವರ್ಷಕ್ಕೆ ಮೂವತ್ತು ಗಂಟೆ. ಸೋಪು, ಸಾಲದ ಆ್ಯಪು, ಇನ್ನೊಂದು ಗೇಮು ಇವನ್ನೇ ನೋಡುತ್ತಾ ಮೂವತ್ತು ಗಂಟೆ. ಲೆಕ್ಕ ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಸ್ ಸ್ಟ್ಯಾಂಡಲ್ಲಿ ಕೂತಾಗ ನೋಡ್ತೀನಪ್ಪ’ ಎಂದಳು. ಅದೂ ನಿಜವೇ. ಬಸ್ ಕಾಯುವ ಹೊತ್ತಿನಲ್ಲಿ ನಾವ್ಯಾರೂ ಮಹಾಕಾವ್ಯ ಓದುತ್ತಿರುವುದಿಲ್ಲ.

ಎರಡು ತರದ ಅದೃಷ್ಟ

ಎರಡನೆಯವಳು ಗಣಿತ ಎಂ.ಎಸ್ಸಿ. ಮಾಡುತ್ತಿರುವ ಸೀನಿಯರ್. ಮೆಸ್‌ನಲ್ಲಿ ಸಾರಿನ ತಟ್ಟೆ ಮುಂದಿಟ್ಟುಕೊಂಡೇ ಪಾಠ ಶುರು ಮಾಡಿದಳು.

‘ನೋಡು, ಇಬ್ಬರನ್ನ ಸೇರಿಸಿದಾಗ ನಿನಗೆ ಬೇಕಾದವನು ಬರೋ ಸಾಧ್ಯತೆ ಐದರಲ್ಲಿ ಒಂದು. ಸತತ ಮೂರು ಸಲ ಬರದೇ ಇರೋ ಸಾಧ್ಯತೆ ಎಷ್ಟು? ಐದನೇ ನಾಲ್ಕು, ಮೂರು ಸಲ ಗುಣಿಸು. 125ರಲ್ಲಿ 64. ಅರ್ಧಕ್ಕಿಂತ ಜಾಸ್ತಿ! ಆದರೂ ಮೂರು ಸಲ ಬರದಿದ್ರೆ “ಆಟ ಮೋಸ ಮಾಡ್ತಿದೆ” ಅಂತ ಎಲ್ಲರೂ ಬಯ್ಯೋದು.’

ಅವಳ ಪ್ರಕಾರ ಈ ಆಟದಲ್ಲಿ ಎರಡು ತರದ ಅದೃಷ್ಟವಿದೆ. ಒಂದು ಅಂಗಳದ ಅದೃಷ್ಟ. ಅದು ಇಬ್ಬರು ಆಟಗಾರರಿಗೂ ಒಂದೇ. ಕೆಟ್ಟದ್ದು ಬಂದರೂ ಅದನ್ನು ಹೇಗೆ ಸಂಭಾಳಿಸುತ್ತೀರಿ ಎಂಬುದೇ ಜಾಣತನ. ಇನ್ನೊಂದು ಪೆಟ್ಟಿಗೆಯ ಅದೃಷ್ಟ. ಯುದ್ಧಕ್ಕೆ ಮುಂಚೆಯೇ ಸೈನಿಕರ ಕಾರ್ಡುಗಳನ್ನು ಬಲಪಡಿಸಿಕೊಳ್ಳಬೇಕು. ಅದಕ್ಕೆ ಪೆಟ್ಟಿಗೆ ತೆರೆಯಬೇಕು. ಪೆಟ್ಟಿಗೆಯನ್ನು ದುಡ್ಡು ಕೊಟ್ಟು ಎಷ್ಟಾದರೂ ಕೊಳ್ಳಬಹುದು. ‘ಮೊದಲನೆಯದು ಆಟ, ಎರಡನೆಯದು ಅಂಗಡಿ. ಆಟ ಚೆನ್ನಾಗಿದೆ ಅನ್ನೋರು ಮೊದಲನೆಯದರ ಬಗ್ಗೆ ಮಾತಾಡ್ತಿರ್ತಾರೆ. ಆಟ ಹಾಳು ಅನ್ನೋರು ಎರಡನೆಯದರ ಬಗ್ಗೆ. ಇಬ್ಬರೂ ಸರಿ’ ಎಂದಳು.

ಇನ್ನೊಂದು ಮಾತನ್ನೂ ಹೇಳಿದಳು. ಪೆಟ್ಟಿಗೆಯಲ್ಲಿ ಅಪರೂಪದ ಕಾರ್ಡು ಸಿಗುವ ಸಾಧ್ಯತೆ ನೂರಕ್ಕೆ ಒಂದು ಎಂದು ಬರೆದಿದ್ದರೆ, ನೂರು ಪೆಟ್ಟಿಗೆ ತೆರೆದರೆ ಸಿಕ್ಕೇ ಸಿಗುತ್ತದೆ ಎಂದು ಹುಡುಗರು ಅಂದುಕೊಳ್ಳುತ್ತಾರೆ. ಹಾಗಲ್ಲ. ನೂರು ಜನ ತಲಾ ನೂರು ಪೆಟ್ಟಿಗೆ ತೆರೆದರೂ ಅವರಲ್ಲಿ ಹೆಚ್ಚುಕಡಿಮೆ 37 ಜನರಿಗೆ ಅದು ಸಿಕ್ಕಿರುವುದಿಲ್ಲ. ಇಂಥ ಪೆಟ್ಟಿಗೆಗಳಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಎಂದು ಕೊಳ್ಳುವ ಮುಂಚೆಯೇ ತಿಳಿಸಬೇಕೆಂದು ಆ್ಯಪಲ್ ಕಂಪನಿ 2017ರ ಡಿಸೆಂಬರ್‌ನಲ್ಲೇ ನಿಯಮ ಮಾಡಿದೆ. ಬೆಲ್ಜಿಯಂ ದೇಶ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು.

ನಮ್ಮಲ್ಲಿ? 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆ ಹುಟ್ಟಿಸುವ ಆಟಗಳನ್ನು ನಿಷೇಧಿಸಿದೆ. ನಮ್ಮ ಆಟದಲ್ಲಿ ಗೆದ್ದರೂ ದುಡ್ಡು ಬರುವುದಿಲ್ಲ. ಕಾರ್ಡು ಬರುತ್ತದೆ, ಅದೂ ಫೋನಿನೊಳಗೇ ಇರುತ್ತದೆ. ‘ಹಾಗಾದರೆ ಇದು ಜೂಜಲ್ಲ’ ಎಂದು ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ರೂಮ್‌ಮೇಟ್ ನಡುವೆ ಬಾಯಿ ಹಾಕಿದಳು: ‘ಜೂಜಲ್ಲಿ ವಾಪಸ್ ಬರೋ ಆಸೆನಾದ್ರೂ ಇರುತ್ತೆ. ಇದರಲ್ಲಿ ಅದೂ ಇಲ್ವಲ್ಲೇ!’

ಎಂಬತ್ತೊಂಬತ್ತು ರೂಪಾಯಿಯ ಸಂತೋಷ

ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಊಟ ಡೆಲಿವರಿ ಕೆಲಸ ಮಾಡುತ್ತಾನೆ. ಹೋಟೆಲ್ ಮುಂದೆ ಆರ್ಡರ್ ರೆಡಿಯಾಗುವವರೆಗೆ ಬೈಕ್ ಮೇಲೆ ಕೂತು ಆಡುತ್ತಾನೆ. ಅವನನ್ನು ಕೇಳಿದಾಗ ನಾನು ನಿರೀಕ್ಷಿಸದ ಉತ್ತರ ಬಂತು.

‘ನಾನು ತಿಂಗಳಿಗೆ ಎಂಬತ್ತೊಂಬತ್ತು ರೂಪಾಯಿ ಕೊಡ್ತೀನಿ ಕಣೇ. ಬೇಕಂತಲೇ ಕೊಡ್ತೀನಿ. ಒಂದು ಸಿನಿಮಾ ಟಿಕೆಟ್‌ಗಿಂತ ಕಮ್ಮಿ. ಬೀಡಿ ಸಿಗರೇಟ್ ಇಲ್ಲ, ಎಣ್ಣೆ ಇಲ್ಲ. ದಿನಾ ಯಾರ್ಯಾರ ಹತ್ರನೋ ಬೈಸ್ಕೊಂಡು ಬರೋ ನನಗೆ ಮೂರು ನಿಮಿಷ ನಾನೇ ಸೇನಾಪತಿ. ಅದಕ್ಕೆ ಎಂಬತ್ತೊಂಬತ್ತು ಜಾಸ್ತಿನಾ?’

ಜಾಸ್ತಿ ಅಲ್ಲ ಎಂದೇ ನನಗೂ ಅನಿಸಿತು. ಅವನು ದುಡಿದದ್ದು, ಅವನೇ ಮಿತಿ ಹಾಕಿಕೊಂಡದ್ದು. ಮಿತಿ ದಾಟದಂತೆ ಹೇಗೆ ನೋಡಿಕೊಳ್ಳುತ್ತೀ ಎಂದು ಕೇಳಿದೆ. ಆಟಕ್ಕೆಂದೇ ಬೇರೆ ವಾಲೆಟ್ ಇಟ್ಟು ತಿಂಗಳ ಮೊದಲ ದಿನ ಅದಕ್ಕೆ ನೂರು ರೂಪಾಯಿ ಹಾಕುತ್ತಾನಂತೆ. ಖಾಲಿಯಾದರೆ ಮುಗಿಯಿತು. ‘ಮನೆ ದುಡ್ಡು ಇರೋ ಖಾತೆಗೆ ಆಟ ಜೋಡಿಸಬಾರದು’ ಎಂಬುದು ಅವನ ಏಕೈಕ ನಿಯಮ. ನಮ್ಮ ಮನೆಯಲ್ಲಿ ಮುರಿದಿದ್ದು ಸರಿಯಾಗಿ ಅದೇ.

ಇನ್ನೊಂದು ಐವತ್ತಡಿ

ದೊಡ್ಡಪ್ಪನ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಈ ಆಟದಲ್ಲಿ ಒಂದು ಕಾಲಕ್ಕೆ ನಮ್ಮೆಲ್ಲರಿಗಿಂತ ಮೇಲಿದ್ದವನು. ಈಗ ಪೂರ್ತಿ ಬಿಟ್ಟಿದ್ದಾನೆ. ಅವನ ಹತ್ತಿರ ಕೇಳಲು ನನಗೆ ಸ್ವಲ್ಪ ಮುಜುಗರವಿತ್ತು. ಅವನೇ ನಿರಾಳವಾಗಿ ಹೇಳಿದ.

ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತೆರಡು ಸಾವಿರ ಸುರಿದಿದ್ದನಂತೆ. ಮೊದಲು 29 ರೂಪಾಯಿಯ ಒಂದು ಸಣ್ಣ ಆಫರ್. ಆಮೇಲೆ 89. ಆಮೇಲೆ 449. ಕಷ್ಟಪಟ್ಟು ಕಟ್ಟಿದ ಸೈನ್ಯ ಮೂರು ತಿಂಗಳು ಮೆರೆಯುತ್ತಿತ್ತು. ಅಷ್ಟರಲ್ಲಿ ಆಟಕ್ಕೆ ಹೊಸ ಅಪ್‌ಡೇಟ್ ಬಂದು, ಇನ್ನೂ ಬಲವಾದ ಹೊಸ ಕಾರ್ಡು ಬಂದು, ಹಳೆಯ ಸೈನ್ಯ ಮಂಕಾಗುತ್ತಿತ್ತು. ಮತ್ತೆ ಪೆಟ್ಟಿಗೆ.

‘ಮಜಾ ಹೋಗಿ ಆರು ತಿಂಗಳಾಗಿತ್ತು. ಆದ್ರೂ ಬಿಡಕ್ಕಾಗ್ತಿರ್ಲಿಲ್ಲ. ಇಷ್ಟು ಹಾಕಿದೀನಿ, ಈಗ ಬಿಟ್ರೆ ಹಾಕಿದ್ದೆಲ್ಲ ಹೋಗುತ್ತಲ್ಲ ಅಂತ. ನನ್ನನ್ನ ಹಿಡ್ಕೊಂಡಿದ್ದು ಆಟ ಅಲ್ಲ, ಹಾಕಿದ ದುಡ್ಡು’ ಎಂದ.

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮ ತೋಟದ ಬೋರ್‌ವೆಲ್. ನಾನಾಗ ಏಳನೇ ಕ್ಲಾಸು. ತೆಂಗು ಒಣಗುತ್ತಿತ್ತು. ಅಪ್ಪ ಸಾಲ ಮಾಡಿ ಬೋರ್ ಲಾರಿ ಕರೆಸಿದ್ದರು. ಐನೂರು ಅಡಿಗೆ ಮಾತಾಗಿತ್ತು. ಐನೂರಕ್ಕೂ ಬರೀ ಧೂಳು. ‘ಇನ್ನೊಂದು ಐವತ್ತಡಿ ಹೊಡೀರಿ’ ಎಂದರು ಅಪ್ಪ. ಆಮೇಲೆ ಇನ್ನೊಂದು ಐವತ್ತು. ಅಮ್ಮ ಸಾಕು ಎಂದರೂ ಕೇಳಲಿಲ್ಲ. ಏಳುನೂರಕ್ಕೆ ಲಾರಿಯವನೇ ‘ಗೌಡ್ರೇ, ಬಿಟ್ಟುಬಿಡಿ’ ಎಂದ. ಬೆಳಗಿನ ಜಾವ ಆ ಬಿಳಿ ಧೂಳಿನ ಗುಡ್ಡೆಯ ಪಕ್ಕ ಕೂತಿದ್ದ ಅಪ್ಪನ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬಿಟ್ಟ ಮೇಲೆ ಏನು ನೆನಪಾಗುತ್ತೆ ಎಂದು ಅಣ್ಣನನ್ನು ಕೇಳಿದೆ. ಆಟ ನೆನಪಾಗುವುದಿಲ್ಲವಂತೆ. ರಾತ್ರಿ ಹತ್ತಕ್ಕೆ ಗುಂಪಿನಲ್ಲಿ ಬರುತ್ತಿದ್ದವರು ನೆನಪಾಗುತ್ತಾರಂತೆ. ‘ಒಬ್ಬ ಪಂಜಾಬಿ ಲಾರಿ ಡ್ರೈವರ್ ಇದ್ದ. ಯಾವ ಢಾಬಾದಲ್ಲಿ ನಿಲ್ಲಿಸಿದ್ರೂ ಬಂದು ಒಂದು ಆಟ ಆಡಿ ಮಲಗ್ತಿದ್ದ. ಅವನ ನಿಜವಾದ ಹೆಸರೂ ನಂಗೆ ಗೊತ್ತಿಲ್ಲ. ಈಗೆಲ್ಲಿದಾನೋ’ ಎಂದ.

ಅಜ್ಜಿಯ ತೀರ್ಪು

ಮುಂದಿನ ಶನಿವಾರ ಊರಿಗೆ ಹೋದೆ. ಅಪ್ಪ ತೋಟದಿಂದ ಇನ್ನೂ ಬಂದಿರಲಿಲ್ಲ. ಜಗಲಿಯಲ್ಲಿ ಅಜ್ಜಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದರು. ಅಜ್ಜಿಗೂ ಆಟ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ನಿಮಿಷ ನೋಡಿ, ‘ಗಟ್ಟಿ ಕಟ್ಟೋ ಆಟ ತಾನೆ ಇದು?’ ಎಂದರು.

ನನಗೆ ಹೊಳೆದೇ ಇರಲಿಲ್ಲ! ನಮ್ಮ ಮನೆಯಲ್ಲಿ ಆಡುವ ಚೌಕಾಬಾರದಲ್ಲೂ ಇದೇ ಇದೆ. ನಮ್ಮ ಎರಡು ಕಾಯಿ ಒಂದೇ ಮನೆಗೆ ಬಂದರೆ ಜೋಡಿ ಮಾಡಿ ‘ಗಟ್ಟಿ’ ಕಟ್ಟಬಹುದು. ಒಂಟಿ ಕಾಯಿ ಬಂದು ಗಟ್ಟಿಯನ್ನು ಹೊಡೆಯಲಾಗದು, ಅದಕ್ಕೆ ಇನ್ನೊಂದು ಗಟ್ಟಿಯೇ ಬೇಕು. ಆದರೆ ಗಟ್ಟಿ ಕಟ್ಟಿದ ಮೇಲೆ ಓಟ ನಿಧಾನ. ಬಲ ಬೇಕೋ, ವೇಗ ಬೇಕೋ ಎಂಬ ಅದೇ ಪೇಚಾಟ. ಅದೃಷ್ಟಕ್ಕೆ ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ.

‘ನೀವೂ ಸೋತಾಗ ಬೇಜಾರಾಗ್ತಿತ್ತಾ ಅಜ್ಜಿ?’

‘ಆಗ್ದೆ? ನಿಮ್ಮಜ್ಜ ಒಂದ್ಸಲ ಕವಡೆನೆಲ್ಲ ತಿಪ್ಪೆಗೆ ಎಸ್ದಿದ್ರು. ಬೆಳಗೆದ್ದು ಅವರೇ ಹುಡುಕ್ಕೊಂಡು ಬಂದ್ರು. ಆದ್ರೆ ಕವಡೆ ಯಾವತ್ತೂ ದುಡ್ಡು ಕೊಡು, ಬಾರ ಬೀಳ್ತೀನಿ ಅನ್ಲಿಲ್ಲ ಕಣೇ’ ಎಂದು ಅಜ್ಜಿ ಮತ್ತೆ ಕುಟ್ಟಾಣಿ ಕೈಗೆತ್ತಿಕೊಂಡರು.

ಎಂ.ಎಸ್ಸಿ. ಸೀನಿಯರ್ ಅರ್ಧ ಗಂಟೆ ಹೇಳಿದ್ದನ್ನು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದ್ದರು.

ಕೇಳದೇ ಉಳಿದವನು

ಇಷ್ಟೆಲ್ಲ ಜನರನ್ನು ಕೇಳಿದ ನಾನು ಒಬ್ಬನನ್ನು ಮಾತ್ರ ಕೇಳಿರಲಿಲ್ಲ. ತಮ್ಮ ಕೊಟ್ಟಿಗೆಯಲ್ಲಿದ್ದ. ಒಂದು ವಾರದಿಂದ ಮನೆಯಲ್ಲಿ ಯಾರೂ ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಸಗಣಿ ಬಾಚುತ್ತಿದ್ದವನು ನನ್ನನ್ನು ನೋಡಿಯೂ ತಲೆ ಎತ್ತಲಿಲ್ಲ.

‘ಯಾಕೋ ಹಾಗ್ ಮಾಡ್ದೆ?’ ಎಂದೆ. ಸುಮ್ಮನಿದ್ದ. ‘ಬಯ್ಯಲ್ಲ, ಹೇಳು.’

‘ನೀನೇ ಅಂದೆಯಲ್ಲ’ ಎಂದ.

‘ನಾನೇನಂದೆ?’

‘ದಿನಾ ಅಂತಿದ್ದೆ. ನಿನ್ನ ಸೈನ್ಯ ವೀಕು, ನಿನ್ನಿಂದಾನೇ ಹೋಯ್ತು, ನಾಳೆಯಿಂದ ರೂಮ್‌ಮೇಟ್ ಜೊತೆ ಆಡ್ತೀನಿ ಅಂತ. ಅವಳದ್ದು ಎಲ್ಲ ದೊಡ್ಡ ದೊಡ್ಡ ಕಾರ್ಡು. ನೀನು ಅವಳ ಜೊತೆನೇ ಆಡಕ್ಕೆ ಶುರು ಮಾಡಿದ್ರೆ...’

ಮಾತು ಅಲ್ಲಿಗೇ ನಿಲ್ಲಿಸಿ ಮತ್ತೆ ಸಗಣಿ ಬಾಚತೊಡಗಿದ.

ನಾನು ಹೇಳಿದ್ದು ನಿಜ. ತಮಾಷೆಗೆ ಹೇಳಿದ್ದೂ ನಿಜ. ಒಟ್ಟಿಗೆ ಬೆಳೆದ ಅಕ್ಕ-ತಮ್ಮ ಇನ್ನೇನು ಮಾತಾಡುತ್ತಾರೆ? ಆದರೆ ಎದುರಿಗೆ ಕೂತು ಹೇಳಿದರೆ ಮುಖದಲ್ಲಿ ನಗು ಕಾಣುತ್ತದೆ. ತುಮಕೂರಿನಿಂದ ಹೇಳಿದ್ದು ಬರೀ ಮಾತಾಗಿ ತಲುಪಿತ್ತು. ನಾನು ಹಾಸ್ಟೆಲ್‌ಗೆ ಹೋದ ಮೇಲೆ ಅವನಿಗೆ ಉಳಿದಿದ್ದು ಆ ಅರ್ಧ ಗಂಟೆ. ಅದನ್ನು ಉಳಿಸಿಕೊಳ್ಳಲು ಅವನು ಪೆಟ್ಟಿಗೆ ಕೊಂಡಿದ್ದ. ಮೊದಲು 29. ಆಮೇಲೆ 89, ಮತ್ತೆ 89. ಆಮೇಲೆ 249. ಕೊನೆಗೆ ಎರಡು ಸಲ 449. ‘ಇನ್ನೊಂದು ತೆಗೆದ್ರೆ ಸಿಗುತ್ತೆ ಅನ್ನಿಸ್ತಿತ್ತು ಅಕ್ಕಾ’ ಎಂದ. ಬೇಕಾದ ಕಾರ್ಡು ಕೊನೆಗೂ ಸಿಕ್ಕಿರಲಿಲ್ಲ.

ಆನ್‌ಲೈನ್ ಆಟ, ಮಕ್ಕಳು ಎಂದಕೂಡಲೇ ನಾವು ‘ಚಟ’ ಎಂಬ ಪದ ಹಿಡಿದುಕೊಳ್ಳುತ್ತೇವೆ. ಚಟ ಇದೆ, ಇಲ್ಲವೆನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೇಡಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು ಅದರ ಲಕ್ಷಣ. ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಹೀಗೇ ನಡೆದಿದ್ದರೆ ಮಾತ್ರ ಹಾಗೆ ಗುರುತಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ. ಅಗತ್ಯ ಬಿದ್ದವರು ನಾಚಿಕೆಪಡದೆ ಹೋಗಬೇಕು. ಆದರೆ ನನ್ನ ತಮ್ಮನದು ಅದಲ್ಲ. ದಿನಾ ಅರ್ಧ ಗಂಟೆ ಆಡಿ, ಹಸು ಕಟ್ಟಿ, ಓದಿ ಮಲಗುವ ಹುಡುಗ. ಅವನ ತಪ್ಪು ಬೇರೆ, ಅದರಲ್ಲಿ ನನ್ನ ಪಾಲೂ ಇತ್ತು.

ಅಪ್ಪನಿಗೆ ಹೇಳಿದ್ದು

ರಾತ್ರಿ ಊಟ ಆದ ಮೇಲೆ ಅಪ್ಪ ಕೇಳಿದರು. ‘ಏನಮ್ಮ, ಒಂದು ವಾರ ಆಯ್ತು. ಏನ್ ತೀರ್ಮಾನ ಮಾಡ್ದೆ?’

ಯಾರ‍್ಯಾರು ಏನೇನು ಹೇಳಿದರು ಎಂದು ಎಲ್ಲ ಹೇಳಿದೆ. ಅಪ್ಪ ಗೋಡೆ ನೋಡುತ್ತಾ ಕೇಳಿಸಿಕೊಂಡರು. ‘ಇನ್ನೊಂದು ತೆಗೆದರೆ ಸಿಗುತ್ತೆ ಅನಿಸ್ತಿತ್ತಂತೆ’ ಎಂದಾಗ ಮಾತ್ರ ತಮ್ಮನ ಕಡೆ ತಿರುಗಿದರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಮ್ಮನಿಗೆ ಕೇಳಿಸುವಷ್ಟೇ ಮೆಲ್ಲಗೆ, ‘ನಾನೂ ಅವತ್ತು ಇನ್ನೊಂದು ಐವತ್ತಡಿ ಅಂದೋನೇ ಅಲ್ವಾ’ ಎಂದರು.

ಬೋರ್‌ವೆಲ್ ವಿಷಯ ನಾನು ಎತ್ತಿರಲಿಲ್ಲ. ಎತ್ತುವ ಧೈರ್ಯವೂ ನನಗಿರಲಿಲ್ಲ.

ತೀರ್ಮಾನ ನಾನೊಬ್ಬಳೇ ಮಾಡಲಿಲ್ಲ, ಎಲ್ಲರೂ ಕೂತು ಮಾಡಿದೆವು. ಅಮ್ಮ ಪಿನ್ ಬದಲಾಯಿಸಿದರು, ಹೊಸದು ಅಮ್ಮನಿಗೆ ಮಾತ್ರ ಗೊತ್ತು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಸೆಟ್ಟಿಂಗ್ ಮಾಡಿದೆ. ಎರಡು ನಿಮಿಷದ ಕೆಲಸ. ಮೊದಲೇ ಮಾಡಬಹುದಿತ್ತು, ಆಟ ಹಾಕಿಕೊಟ್ಟವಳು ನಾನೇ ತಾನೆ. ನಿಮ್ಮ ಮನೆಯಲ್ಲೂ ಒಂದೇ ಫೋನು ಬ್ಯಾಂಕೂ ಆಗಿ ಆಟದ ಮೈದಾನವೂ ಆಗಿದ್ದರೆ ಇವತ್ತೇ ಮಾಡಿಬಿಡಿ.

ಇನ್ನು 1,354 ರೂಪಾಯಿ. ನಮ್ಮೂರ ಡೇರಿ ದರದಲ್ಲಿ ಅದು ಹತ್ತಿರ ಹತ್ತಿರ ನಲವತ್ತು ಲೀಟರ್ ಹಾಲು ಎಂದು ಲೆಕ್ಕ ಹಾಕಿದವನು ತಮ್ಮನೇ. ‘ನಮ್ಮೆರಡು ಹಸು ಎಷ್ಟು ದಿನ ಕೊಡಬೇಕು ಗೊತ್ತಾ ಅಕ್ಕಾ’ ಎಂದು ನನ್ನನ್ನೇ ಕೇಳಿದ. ಅರ್ಧ ನಾನು ಕೊಡುವುದು, ಉಳಿದರ್ಧಕ್ಕೆ ಅವನು ಪರೀಕ್ಷೆಯವರೆಗೆ ಬೆಳಿಗ್ಗೆ ಹಾಲು ಡೇರಿಗೆ ಹಾಕಿ ಬರುವುದು ಎಂದಾಯಿತು. ನಾನು ಕೊಡುವ ಅರ್ಧ ನನ್ನ ಬಾಯಿಗೆ ಬಿದ್ದ ದಂಡ.

ಆಟ? ಆಟ ಉಳಿಯಿತು. ಭಾನುವಾರ ಬಿಟ್ಟು ದಿನಾ ಅರ್ಧ ಗಂಟೆ ಇದ್ದದ್ದು ಈಗ ವಾರಕ್ಕೆ ಮೂರು ದಿನ ಆಗಿದೆ, ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ. ಉಳಿದ ದಿನ ಒಂಬತ್ತಕ್ಕೆ ಫೋನ್ ಮಾಡಿ ಸುಮ್ಮನೆ ಮಾತಾಡುತ್ತೇವೆ. ಮೊದಮೊದಲು ಏನು ಮಾತಾಡುವುದೆಂದೇ ಇಬ್ಬರಿಗೂ ಗೊತ್ತಾಗಲಿಲ್ಲ. ಆಟದಲ್ಲಿ ‘ಸೇರಿಸು, ಸೇರಿಸಬೇಡ, ಅಯ್ಯೋ ಹೋಯ್ತು’ ಬಿಟ್ಟರೆ ನಾವು ಬೇರೇನೂ ಮಾತಾಡುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ಈಗ ಹೊಸ ಕರುವಿನ ಸುದ್ದಿ, ವಿಜ್ಞಾನ ಮೇಷ್ಟ್ರ ಸುದ್ದಿ, ಅಜ್ಜಿಯ ಮಂಡಿನೋವಿನ ಸುದ್ದಿ ಬರುತ್ತಿದೆ.

ಎಲ್ಲರನ್ನೂ ಕೇಳಿ ನನಗೆ ಅರ್ಥವಾದದ್ದು ಇಷ್ಟು. ಈ ಆಟ ಕೆಟ್ಟದ್ದಲ್ಲ, ಅದರೊಳಗಿನ ಅಂಗಡಿ ಒಳ್ಳೆಯದಲ್ಲ. ಆಡುವವನ ಕೈಯಲ್ಲಿ ತನ್ನದೇ ದುಡ್ಡು, ತನ್ನದೇ ಮಿತಿ ಇದ್ದರೆ ಎಂಬತ್ತೊಂಬತ್ತು ರೂಪಾಯಿಗೂ ಸಂತೋಷ ಸಿಗುತ್ತದೆ. ಇಲ್ಲದಿದ್ದರೆ ಇಪ್ಪತ್ತೆರಡು ಸಾವಿರಕ್ಕೂ ಸಿಗುವುದಿಲ್ಲ. ಮನೆಯ ಮಗು ಆಟಕ್ಕೆ ದುಡ್ಡು ಹಾಕಿದರೆ ಫೋನು ಕಿತ್ತುಕೊಳ್ಳುವ ಮುಂಚೆ ‘ಯಾಕೆ’ ಎಂದು ಒಮ್ಮೆ ಕೇಳಬೇಕು. ಉತ್ತರದಲ್ಲಿ ನಮ್ಮ ಹೆಸರೂ ಇದ್ದೀತು.

ಮೊನ್ನೆ ಬುಧವಾರ ಆಡಿದೆವು. ತಮ್ಮನ ಅದೇ ಹಳೆಯ ಸಣ್ಣ ಸೈನ್ಯ. ಇಪ್ಪತ್ಮೂರನೇ ಅಲೆಗೆ ರಾಕ್ಷಸರು ಇಬ್ಬರ ಅಂಗಳಕ್ಕೂ ನುಗ್ಗಿದರು. ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಕೇಳಿದ: ‘ಅಕ್ಕಾ, ಇವತ್ತು ಯಾರಿಂದ ಹೋಯ್ತು?’

‘ನನ್ನಿಂದಾನೇ ಕಣೋ, ಸೇರಿಸಬಾರದಿತ್ತು, ಆತುರ ಮಾಡ್ದೆ’ ಎಂದೆ.

ಅದು ನಿಜವೂ ಆಗಿತ್ತು.